ಹೈಡೆಲ್‌ಬರ್ಗಿನ ಚೀಟಿಗಳು

ಎಮಿಲ್ ಕ್ರೇಪೆಲಿನ್ 1891ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಮನೋರೋಗ ಚಿಕಿತ್ಸಾಲಯಕ್ಕೆ ಮುಖ್ಯಸ್ಥನಾಗಿ ಬಂದಾಗ ಅವನಿಗೆ 35 ವರ್ಷ. ಅಲ್ಲಿ ಅವನೊಂದು ಪೆಟ್ಟಿಗೆ ಇಡಿಸಿದ. ಹೊಸ ರೋಗಿ ದಾಖಲಾಗಿ ಪರೀಕ್ಷೆ ಮುಗಿದ ಮೇಲೆ ಪ್ರತಿಯೊಬ್ಬ ವೈದ್ಯನೂ ಕಾಯಿಲೆ ಯಾವುದೆಂದು ತನಗನ್ನಿಸಿದ್ದನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕಿತ್ತು. ಕೆಲಕಾಲ ಕಳೆದ ಮೇಲೆ ಚೀಟಿಗಳನ್ನು ಹೊರತೆಗೆದು ಪಟ್ಟಿ ಮಾಡುತ್ತಿದ್ದರು. ರೋಗಿ ಆಸ್ಪತ್ರೆ ಬಿಟ್ಟ ನಂತರದ ಅಂತಿಮ ತೀರ್ಮಾನವನ್ನು ಮೊದಲ ಊಹೆಯ ಪಕ್ಕದಲ್ಲಿ ಬರೆಯುತ್ತಿದ್ದರು. ಊಹೆ ಎಲ್ಲಿ ತಪ್ಪಿತು, ಯಾವ ಲಕ್ಷಣವನ್ನು ನಂಬಿ ಮೋಸಹೋದೆವು ಎಂಬುದು ಹೀಗೆ ಗೊತ್ತಾಗುತ್ತಿತ್ತು. ಇದರ ಜೊತೆಗೆ ಒಬ್ಬೊಬ್ಬ ರೋಗಿಗೂ ಒಂದೊಂದು ಎಣಿಕೆಯ ಕಾರ್ಡು. ವಯಸ್ಸು, ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ, ಶುರುವಾದದ್ದು ಹೇಗೆ, ಮುಖ್ಯ ಲಕ್ಷಣಗಳೇನು, ಕೊನೆಗೆ ಏನಾಯಿತು ಎಂಬುದೆಲ್ಲ ಆ ಸಣ್ಣ ಕಾಗದದಲ್ಲಿ ಹಿಡಿಸಬೇಕು. ಬೇರೆ ಹುಚ್ಚಾಸ್ಪತ್ರೆಗೆ ವರ್ಗವಾದ ರೋಗಿಗಳನ್ನೂ ಅವನು ಬಿಡುತ್ತಿರಲಿಲ್ಲ. ವರ್ಷಗಳ ಮೇಲೆ ಅವರು ಹೇಗಿದ್ದಾರೆಂದು ವಿಚಾರಿಸಿ ಕಾರ್ಡಿಗೆ ಸೇರಿಸುತ್ತಿದ್ದ.

ಇಂದು ನಾವು ಸ್ಕಿಜೋಫ್ರೇನಿಯಾ ಎಂದು ಕರೆಯುವ ಕಾಯಿಲೆಯ ವರ್ಗೀಕರಣ ಈ ಕಾರ್ಡುಗಳಿಂದ ಹೊರಟಿತು. ಕನ್ನಡದಲ್ಲಿ ಅದಕ್ಕೆ ಚಿತ್ತವಿಕಲತೆ ಎನ್ನುವವರೂ ಇದ್ದಾರೆ. ಅದನ್ನು ಪತ್ತೆಹಚ್ಚುವ ರಕ್ತಪರೀಕ್ಷೆ ಅಂದೂ ಇರಲಿಲ್ಲ, ಇಂದೂ ಇಲ್ಲ. ರೋಗಿ ಹೇಳಿದ್ದು, ಮನೆಯವರು ಕಂಡದ್ದು, ವೈದ್ಯ ಗಮನಿಸಿದ್ದು, ಇಷ್ಟೇ ಆಧಾರ. ಹಾಗಾಗಿ ಈ ಕಾಯಿಲೆಯ ಇತಿಹಾಸವೆಂದರೆ ಬಹುಮಟ್ಟಿಗೆ ಅದನ್ನು ನೋಡಿದವರ ಕಣ್ಣಿನ ಇತಿಹಾಸ, ಅವರು ತುಂಬಿದ ಕಾಗದಗಳ ಇತಿಹಾಸ. ಆ ಕಾಗದಗಳಲ್ಲಿ ಕೆಲವು ಜೀವ ಉಳಿಸಿದವು, ಕೆಲವು ಜೀವ ತೆಗೆದವು.

ಕ್ರೇಪೆಲಿನ್‌ಗಿಂತ ಮೊದಲು ಹೆಸರುಗಳಿಗೇನೂ ಬರ ಇರಲಿಲ್ಲ. ಒಂದೊಂದು ಊರಿನ ಪ್ರೊಫೆಸರಿಗೂ ಅವನದೇ ಪಟ್ಟಿ. ಗಲಾಟೆ ಮಾಡುವವನಿಗೆ ಒಂದು ಹೆಸರು, ಮಾತು ನಿಲ್ಲಿಸಿದವನಿಗೆ ಇನ್ನೊಂದು. ಅದೇ ಮನುಷ್ಯ ಇಂದು ಗಲಾಟೆ ಮಾಡಿ ನಾಳೆ ಮೌನವಾದರೆ ಕಾಯಿಲೆಯೇ ಬದಲಾಯಿತು ಎನ್ನಬೇಕಾದ ಪರಿಸ್ಥಿತಿ. ಇದರಿಂದ ಹೊರಬರುವ ದಾರಿಯನ್ನು ತೋರಿಸಿದವರು ಗೋರ್ಲಿಟ್ಸ್ ಎಂಬ ಊರಿನ ಖಾಸಗಿ ಆಸ್ಪತ್ರೆಯಲ್ಲಿದ್ದ ಇಬ್ಬರು ವೈದ್ಯರು. ಎವಾಲ್ಡ್ ಹೆಕರ್ 1871ರಲ್ಲಿ ಹೆಬೆಫ್ರೇನಿಯಾವನ್ನು ವರ್ಣಿಸಿದ. ಹದಿಹರೆಯದಲ್ಲಿ ತೊಡಗಿ, ಕಾರಣವಿಲ್ಲದ ನಗು, ಗುರಿಯಿಲ್ಲದ ಓಡಾಟ, ಎಳೆ ತಪ್ಪಿದ ಮಾತು ಇವುಗಳಲ್ಲಿ ಬೆಳೆದು ಬೇಗನೆ ಮನಸ್ಸನ್ನು ಬರಿದಾಗಿಸುವ ಕಾಯಿಲೆ ಅದು. ಅವನ ಹಿರಿಯ ಸಹೋದ್ಯೋಗಿ ಕಾರ್ಲ್ ಕಾಲ್‌ಬಾಮ್ 1874ರಲ್ಲಿ ಕ್ಯಾಟಟೋನಿಯಾ ಕುರಿತು ಪುಸ್ತಕ ಬರೆದ. ಅಂಥ ರೋಗಿ ಮರಗಟ್ಟಿದಂತೆ ನಿಂತುಬಿಡುತ್ತಾನೆ. ಕೈಯನ್ನು ಮೇಲೆತ್ತಿ ಬಿಟ್ಟರೆ ಅದು ಹಾಗೆಯೇ ಗಾಳಿಯಲ್ಲಿ ನಿಲ್ಲುತ್ತದೆ. ಹೇಳಿದ ಮಾತನ್ನೇ ತಿರುಗಿ ಹೇಳುತ್ತಾನೆ, ಇಲ್ಲವೇ ಬಾಯಿಯನ್ನೇ ಬಿಡುವುದಿಲ್ಲ. ಒಂದು ದಿನದ ಚಿತ್ರ ನೋಡಿ ಹೆಸರಿಡಬೇಡಿ, ಕಾಯಿಲೆ ಹುಟ್ಟಿ ಬೆಳೆದು ಮುಗಿಯುವ ಇಡೀ ದಾರಿಯನ್ನು ನೋಡಿ ಎಂಬುದು ಕಾಲ್‌ಬಾಮ್‌ನ ವಾದ. ಆ ಕಾಲದವರು ಅದಕ್ಕೆ ಹೆಚ್ಚು ಕಿವಿಗೊಡಲಿಲ್ಲ. ಕಿವಿಗೊಟ್ಟವನು ಕ್ರೇಪೆಲಿನ್.

ಅವನಿಗೆ ಆ ವಾದ ಅಷ್ಟು ಹಿಡಿಸಲು ಇನ್ನೊಂದು ಕಾರಣವೂ ಇದ್ದಿರಬಹುದು. ಹೈಡೆಲ್‌ಬರ್ಗಿಗೆ ಬರುವ ಮೊದಲು, 1886ರಿಂದ 1891ರವರೆಗೆ, ಅವನು ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಡೊರ್ಪಾಟ್‌ನಲ್ಲಿ ಪ್ರೊಫೆಸರ್ ಆಗಿದ್ದ. ಅದು ಇಂದಿನ ಎಸ್ಟೋನಿಯಾದ ಟಾರ್ಟು. ಅಲ್ಲಿನ ರೋಗಿಗಳಲ್ಲಿ ಬಹಳ ಮಂದಿಯ ಮಾತು ಅವನಿಗೆ ಬಾರದು. ದುಭಾಷಿಯ ಮೂಲಕವೇ ವಿಚಾರಿಸಬೇಕು. ರೋಗಿ ಏನು ಹೇಳುತ್ತಿದ್ದಾನೆ ಎಂಬುದಕ್ಕಿಂತ ಹೇಗೆ ನಿಲ್ಲುತ್ತಾನೆ, ಹೇಗೆ ನಡೆಯುತ್ತಾನೆ, ಆರು ತಿಂಗಳ ಮೇಲೆ ಏನಾಗಿರುತ್ತಾನೆ ಎಂಬುದರ ಮೇಲೆ ಅವನ ಕಣ್ಣು ನೆಟ್ಟಿತು ಎಂದು ಕೆಲವು ಇತಿಹಾಸಕಾರರು ಊಹಿಸುತ್ತಾರೆ. ನನಗೂ ಅದು ಸರಿಯೆನ್ನಿಸುತ್ತದೆ. ಅವನ ಬರಹದಲ್ಲಿ ರೋಗಿಗಳ ನಡೆ, ಭಂಗಿ, ಕಾಯಿಲೆಯ ಗತಿ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ; ಅವರ ಮನಸ್ಸಿನೊಳಗೆ ಹೊಕ್ಕು ನೋಡಿದ ಗುರುತು ಮಾತ್ರ ಕಡಿಮೆ.

ಅವನ ಪಠ್ಯಪುಸ್ತಕದ ಆರನೇ ಆವೃತ್ತಿ 1899ರಲ್ಲಿ ಬಂತು. ಹೆಬೆಫ್ರೇನಿಯಾ, ಕ್ಯಾಟಟೋನಿಯಾ ಮತ್ತು ಸಂಶಯ, ಇಲ್ಲದ ದನಿ ಇವೇ ಮುಂದಾಗಿರುವ ಪ್ಯಾರನಾಯ್ಡ್ ಬಗೆ, ಈ ಮೂರನ್ನೂ ಅವನು ಡಿಮೆನ್ಶಿಯಾ ಪ್ರೀಕಾಕ್ಸ್ ಎಂಬ ಒಂದೇ ಹೆಸರಿನಡಿ ತಂದ. ಎಳೆಯ ವಯಸ್ಸಿನಲ್ಲೇ ಬುದ್ಧಿ ಕುಂದುವ ಕಾಯಿಲೆ ಎಂದು ಅದರ ಅರ್ಥ. ಎದುರು ಬದಿಯಲ್ಲಿ ಉನ್ಮಾದ, ಖಿನ್ನತೆಗಳು ಬಂದು ಹೋಗುವ, ನಡುವೆ ಮನುಷ್ಯ ಮೊದಲಿನಂತಾಗುವ ಕಾಯಿಲೆಯನ್ನು ಇಟ್ಟ. ಹೀಗೆ ಮನೋವೈದ್ಯಶಾಸ್ತ್ರದ ನಡುವೆ ಒಂದು ದೊಡ್ಡ ಗೆರೆ ಬಿತ್ತು. ಗೆರೆಯ ಈಚೆಗೆ ಬಿದ್ದವರಿಗೆ ಆಸೆಯಿಲ್ಲ ಎಂಬ ಭಾವನೆಯೂ ಅದರ ಜೊತೆಗೇ ಬಂತು. ಡಿಮೆನ್ಶಿಯಾ ಪ್ರೀಕಾಕ್ಸ್ ಬಂದವರಲ್ಲೂ ಕೆಲವರು ಚೇತರಿಸಿಕೊಂಡಿದ್ದನ್ನು ಕ್ರೇಪೆಲಿನ್ ತಾನೇ ದಾಖಲಿಸಿದ್ದ. 1920ರ ಒಂದು ಲೇಖನದಲ್ಲಿ ತನ್ನ ಗೆರೆ ಎಲ್ಲ ರೋಗಿಗಳಿಗೂ ಹೊಂದುವುದಿಲ್ಲ ಎಂದೂ ಒಪ್ಪಿಕೊಂಡ. ಆದರೆ ಶಿಷ್ಯರು ನೆನಪಿಟ್ಟುಕೊಂಡದ್ದು ಗೆರೆಯನ್ನು, ಗುರುವಿನ ಅನುಮಾನವನ್ನಲ್ಲ.

ಅತ್ತ ಸ್ವಿಟ್ಜರ್ಲೆಂಡಿನಲ್ಲಿ ಇನ್ನೊಬ್ಬ ವೈದ್ಯ ಬೇರೆಯದೇ ರೀತಿಯಲ್ಲಿ ನೋಡುತ್ತಿದ್ದ. ಯೂಜೆನ್ ಬ್ಲಾಯ್ಲರ್ ಜ್ಯೂರಿಕ್ ಬಳಿಯ ತ್ಸೊಲ್ಲಿಕೋನ್ ಎಂಬ ಹಳ್ಳಿಯ ರೈತ ಮನೆತನದವನು, ಕ್ರೇಪೆಲಿನ್‌ಗಿಂತ ಒಂದು ವರ್ಷಕ್ಕೆ ಕಿರಿಯ. ಜ್ಯೂರಿಕ್‌ನ ಬುರ್ಗ್‌ಹೋಲ್ಟ್ಸ್‌ಲಿ ಆಸ್ಪತ್ರೆಗೆ ಜರ್ಮನಿಯಿಂದ ಬಂದ ಪ್ರೊಫೆಸರುಗಳಿಗೆ ಊರವರ ಆಡುಮಾತು ತಿಳಿಯುವುದಿಲ್ಲ, ನಮ್ಮ ಮನೆಯ ರೋಗಿ ಏನು ಹೇಳುತ್ತಾನೆಂದು ಅವರಿಗೆ ಗೊತ್ತಾಗುವುದಾದರೂ ಹೇಗೆ ಎಂಬ ಅಸಮಾಧಾನ ಆ ಸೀಮೆಯ ರೈತರಲ್ಲಿ ಇತ್ತು. ಬ್ಲಾಯ್ಲರ್ ಬೆಳೆದದ್ದು ಆ ಮಾತಿನ ನಡುವೆ. ಅವನ ಅಕ್ಕನೇ ತೀವ್ರ ಮನೋರೋಗದಿಂದ ಬಳಲುತ್ತಿದ್ದಳು. ಮುಂದೆ ಅವಳು ಅವನ ಮನೆಯಲ್ಲೇ ಇದ್ದಳು.

1886ರಿಂದ 12 ವರ್ಷ ಅವನು ರೈನಾವ್ ಎಂಬಲ್ಲಿ ಇದ್ದ. ರೈನ್ ನದಿಯ ನಡುಗಡ್ಡೆಯಲ್ಲಿದ್ದ ಹಳೆಯ ಕ್ರೈಸ್ತ ಮಠವನ್ನು ವಾಸಿಯಾಗದ ರೋಗಿಗಳಿಗೆಂದು ಆಸ್ಪತ್ರೆ ಮಾಡಿದ್ದರು. ಬ್ಲಾಯ್ಲರ್ ರೋಗಿಗಳ ನಡುವೆಯೇ ಬದುಕಿದ, ಅವರೊಡನೆ ದುಡಿದ, ಅವರ ಎಳೆ ತಪ್ಪಿದ ಮಾತನ್ನು ಕೂತು ಕೇಳಿ ಬರೆದುಕೊಂಡ. ಒಮ್ಮೆ ಅಲ್ಲಿ ಟೈಫಾಯ್ಡ್ ಹರಡಿದಾಗ ನೋಡಿಕೊಳ್ಳುವ ಜನ ಸಾಲದೆ ರೋಗಿಗಳನ್ನೇ ಶುಶ್ರೂಷೆಗೆ ಹಚ್ಚಬೇಕಾಯಿತು. ಯಾರ ಬುದ್ಧಿ ಪೂರ್ತಿ ಹೋಯಿತೆಂದು ಬರೆದಿಟ್ಟಿದ್ದರೋ ಅಂಥವರು ಜ್ವರ ಬಿದ್ದವರನ್ನು ನಿಗಾ ಇಟ್ಟು ನೋಡಿಕೊಂಡರು. ಸಾಂಕ್ರಾಮಿಕ ಇಳಿದ ಮೇಲೆ ಮತ್ತೆ ಮೊದಲಿನ ಸ್ಥಿತಿಗೆ ಹೋದರು. ಹಾಗಾದರೆ ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಬಿಟ್ಟುಹೋದದ್ದು ಬುದ್ಧಿ, ಭಾವ, ಇಚ್ಛೆಗಳ ನಡುವಿನ ಹೊಂದಿಕೆ. ಅದು ಮತ್ತೆ ಕೂಡಿಕೊಳ್ಳಲೂಬಹುದು.

ಬರ್ಲಿನ್ನಿನಲ್ಲಿ ಜರ್ಮನ್ ಮನೋವೈದ್ಯರ ಸಭೆಯಲ್ಲಿ 1908ರ ಏಪ್ರಿಲ್ 24ರಂದು ಬ್ಲಾಯ್ಲರ್ ಹೊಸ ಹೆಸರನ್ನು ಮುಂದಿಟ್ಟ: ಸ್ಕಿಜೋಫ್ರೇನಿಯಾ. ಒಡೆದ ಮನಸ್ಸು ಎಂದು ಅದರ ಅರ್ಥ. ಆದರೆ ಒಬ್ಬ ಮನುಷ್ಯನಲ್ಲಿ ಇಬ್ಬರು ವಾಸಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಿನಿಮಾಗಳು ಆ ತಪ್ಪನ್ನು ಎಷ್ಟು ಬಿತ್ತಿವೆಯೆಂದರೆ ಇಂದಿಗೂ ಕೀಳಲಾಗಿಲ್ಲ. 1911ರಲ್ಲಿ ಬಂದ ಅವನ ದೊಡ್ಡ ಗ್ರಂಥದ ಹೆಸರಿನಲ್ಲಿ ಸ್ಕಿಜೋಫ್ರೇನಿಯಾಗಳ ಗುಂಪು ಎಂದು ಬಹುವಚನವಿದೆ. ಕ್ರೇಪೆಲಿನ್‌ನ ಮೂರು ಬಗೆಗಳಿಗೆ ಅವನು ನಾಲ್ಕನೆಯದಾಗಿ ಸರಳ ಬಗೆಯನ್ನು ಸೇರಿಸಿದ. ಅದರಲ್ಲಿ ದನಿಯೂ ಇಲ್ಲ, ಸಂಶಯವೂ ಇಲ್ಲ. ಮನುಷ್ಯ ಸದ್ದಿಲ್ಲದೆ ಬದುಕಿನಿಂದ ಹಿಂದೆ ಸರಿಯುತ್ತಾನೆ. ಬಗೆಗಳಿಗಿಂತ ಮುಖ್ಯವಾದದ್ದು ಲಕ್ಷಣಗಳಲ್ಲಿ ಅವನು ಮಾಡಿದ ಭೇದ. ಕಿವಿಯಲ್ಲಿ ಕೇಳುವ ದನಿ, ಯಾರೋ ವಿಷ ಹಾಕುತ್ತಿದ್ದಾರೆಂಬ ಅಚಲ ನಂಬಿಕೆ, ಮರಗಟ್ಟುವ ಮೈ, ಇವು ಎಲ್ಲರ ಕಣ್ಣಿಗೂ ಬೀಳುತ್ತವೆ. ಬ್ಲಾಯ್ಲರ್ ಅವನ್ನು ಮೇಲಿನವು ಎಂದ. ಯೋಚನೆಯ ಎಳೆ ಕಡಿಯುವುದು, ಭಾವ ಬತ್ತುವುದು ಇಲ್ಲವೇ ಸಂದರ್ಭಕ್ಕೆ ಹೊಂದದಿರುವುದು, ಬೇಕು ಬೇಡಗಳೆರಡೂ ಒಟ್ಟಿಗೇ ಹಿಡಿದು ನಿಲ್ಲಿಸುವುದು, ಹೊರಲೋಕ ಬಿಟ್ಟು ಒಳಲೋಕಕ್ಕೆ ಸರಿಯುವುದು, ಈ ನಾಲ್ಕೇ ಮೂಲ ಲಕ್ಷಣಗಳು ಎಂದ.

ಇದರಲ್ಲಿ ಕರುಣೆ ಇತ್ತು, ಅಪಾಯವೂ ಇತ್ತು. ದನಿ ಕೇಳುತ್ತದೆಯೇ ಎಂದರೆ ಹೌದು, ಇಲ್ಲ ಎಂಬ ಉತ್ತರ ಸಿಗುತ್ತದೆ. ಭಾವ ಬತ್ತಿದೆಯೇ ಎಂಬುದನ್ನು ತೀರ್ಮಾನಿಸುವವನು ವೈದ್ಯ. ಅಳತೆಗೋಲು ವೈದ್ಯನ ಮನಸ್ಸಾದರೆ ಯಾರನ್ನು ಬೇಕಾದರೂ ಅದರೊಳಗೆ ಸೇರಿಸಬಹುದು.

ಜರ್ಮನ್ ಮನೋವೈದ್ಯ ಕುರ್ಟ್ ಷ್ನೈಡರ್ ಹಿಡಿದದ್ದು ಇದಕ್ಕೆ ತೀರ ಎದುರಾದ ದಾರಿ. ಮೂಲ ಯಾವುದು ಎಂಬ ಸಿದ್ಧಾಂತ ಬೇಡ, ವೈದ್ಯ ಕೇಳಿ ತಿಳಿಯಬಹುದಾದ, ಇಬ್ಬರು ವೈದ್ಯರು ಒಪ್ಪಬಹುದಾದ ಗುರುತುಗಳು ಸಾಕು ಎಂದು ಅವನು 1939ರಲ್ಲಿ ಮೊದಲ ದರ್ಜೆಯ ಲಕ್ಷಣಗಳ ಪಟ್ಟಿ ಮಾಡಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವು ಹೀಗಿರುತ್ತವೆ. ನನ್ನ ಯೋಚನೆಯೇ ನನ್ನ ಕಿವಿಗೆ ಗಟ್ಟಿಯಾಗಿ ಕೇಳಿಸುತ್ತದೆ. ಇಬ್ಬರು ಮೂವರು ಸೇರಿ ನನ್ನ ವಿಷಯವಾಗಿಯೇ ವಾದಿಸುತ್ತಾರೆ. ಈಗ ಎದ್ದ, ಈಗ ನೀರು ಕುಡಿದ ಎಂದು ನಾನು ಮಾಡುವುದನ್ನೆಲ್ಲ ಒಂದು ದನಿ ಹೇಳುತ್ತಲೇ ಇರುತ್ತದೆ. ತಲೆಯೊಳಗಿನ ಯೋಚನೆಯನ್ನು ಯಾರೋ ಕಿತ್ತುಕೊಳ್ಳುತ್ತಾರೆ, ತಮ್ಮದನ್ನು ತುರುಕುತ್ತಾರೆ. ನಾನು ಅಂದುಕೊಂಡದ್ದು ಊರಿಗೆಲ್ಲ ತಿಳಿದುಹೋಗುತ್ತದೆ. ಕೈಕಾಲು ನನ್ನವು, ಆಡಿಸುವವರು ಬೇರೆ. ಎಲ್ಲರಿಗೂ ಕಾಣುವ ಒಂದು ಮಾಮೂಲಿ ವಸ್ತು ನನಗೊಬ್ಬನಿಗೆ ಗುಟ್ಟಿನ ಸಂದೇಶವಾಗಿ ಹೊಳೆಯುತ್ತದೆ. ಮಿದುಳಿನ ಬೇರೆ ಕಾಯಿಲೆ ಇಲ್ಲದಿರುವಾಗ ಇವುಗಳಲ್ಲಿ ಒಂದು ಖಚಿತವಾಗಿ ಕಂಡರೂ ಸ್ಕಿಜೋಫ್ರೇನಿಯಾ ಎನ್ನಬಹುದು ಎಂಬುದು ಅವನ ಮಾತು. ಇವು ಕಾಣದಿದ್ದರೆ ಕಾಯಿಲೆಯೇ ಇಲ್ಲ ಎಂದು ಮಾತ್ರ ಅವನು ಹೇಳಲಿಲ್ಲ.

ಷ್ನೈಡರ್ ಈ ಪಟ್ಟಿ ಬರೆದ ಹೊತ್ತಿಗೆ ಜರ್ಮನಿಯಲ್ಲಿ ಸ್ಕಿಜೋಫ್ರೇನಿಯಾ ಎಂಬ ಹೆಸರಿಗೆ ಬೇರೆಯೇ ಅರ್ಥ ಬಂದಿತ್ತು. 1933ರ ಜುಲೈ 14ರಂದು ಹಿಟ್ಲರನ ಸರ್ಕಾರ ವಂಶಪಾರಂಪರ್ಯ ರೋಗಗಳ ತಡೆಯ ಹೆಸರಿನಲ್ಲಿ ಕಡ್ಡಾಯ ಬಂಧ್ಯೀಕರಣದ ಕಾನೂನು ತಂದಿತು. ಅದು ಪಟ್ಟಿ ಮಾಡಿದ ಕಾಯಿಲೆಗಳಲ್ಲಿ ಸ್ಕಿಜೋಫ್ರೇನಿಯಾ ಒಂದು. ಕಾನೂನಿಗೆ ಅಧಿಕೃತ ವ್ಯಾಖ್ಯಾನ ಬರೆದವರಲ್ಲಿ ಒಬ್ಬನಾದ ಎರ್ನ್‌ಸ್ಟ್ ರೂಡಿನ್, ಕ್ರೇಪೆಲಿನ್ ಮ್ಯೂನಿಕ್‌ನಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯ ಮುಖ್ಯಸ್ಥನಾಗಿದ್ದ. ಇಂಥ ಯೋಚನೆಯನ್ನು ಹಿಟ್ಲರನ ಕಡೆಯವರು ಹೊಸದಾಗಿ ಕಂಡುಹಿಡಿಯಲಿಲ್ಲ. ರೈನಾವ್‌ನ ರೋಗಿಗಳನ್ನು ಅಷ್ಟು ಹಚ್ಚಿಕೊಂಡಿದ್ದ ಬ್ಲಾಯ್ಲರ್ ಕೂಡ ಬಂಧ್ಯೀಕರಣದ ಪರ ಬರೆದಿದ್ದ ಎಂಬುದನ್ನು ಮುಚ್ಚಿಡಬಾರದು.

ಹೈಡೆಲ್‌ಬರ್ಗಿನಲ್ಲಿ ಅದೇ ವರ್ಷ ನಿರ್ದೇಶಕ ಕಾರ್ಲ್ ವಿಲ್ಮನ್ಸ್‌ನನ್ನು ತೆಗೆದುಹಾಕಿದರು. ಹಿಂದಿನ ವರ್ಷವಷ್ಟೇ ಅವನ ತಂಡ ಸ್ಕಿಜೋಫ್ರೇನಿಯಾ ಕುರಿತು ಮಹತ್ವದ ಸಂಪುಟವೊಂದನ್ನು ಹೊರತಂದಿತ್ತು. ಅದರ ಲಕ್ಷಣಗಳ ಭಾಗವನ್ನು ಬರೆದ ವಿಲ್ಲಿ ಮಾಯರ್-ಗ್ರಾಸ್ ಯಹೂದಿ. ಅವನು ಇಂಗ್ಲೆಂಡಿಗೆ ಹೋಗಿ ತಲೆ ಉಳಿಸಿಕೊಂಡ. ನಿರ್ದೇಶಕನ ಕುರ್ಚಿಯಲ್ಲಿ ಕಾರ್ಲ್ ಷ್ನೈಡರ್ ಬಂದು ಕೂತ. ಹೆಸರು ಒಂದೇ ಆದರೂ ಕುರ್ಟ್ ಷ್ನೈಡರನಿಗೂ ಇವನಿಗೂ ಸಂಬಂಧವಿಲ್ಲ. ಇವನೂ ಸ್ಕಿಜೋಫ್ರೇನಿಯಾದ ಲಕ್ಷಣಗಳು ಹೇಗೆ ಗುಂಪುಗೂಡುತ್ತವೆ ಎಂದು ಪುಸ್ತಕ ಬರೆದ ವಿದ್ವಾಂಸ. ರೋಗಿಗಳನ್ನು ಕೊಲ್ಲುವ ಯೋಜನೆಗೆ ತಜ್ಞನಾಗಿ ಕೆಲಸ ಮಾಡಿದವನೂ ಇವನೇ.

ಬರ್ಲಿನ್ನಿನ ಟೀರ್‌ಗಾರ್ಟನ್ ಬೀದಿಯ 4ನೇ ನಂಬರಿನ ಕಟ್ಟಡದಿಂದ ನಡೆದ ಆ ಯೋಜನೆಗೆ ಟಿ4 ಎಂದು ಹೆಸರು. ಆಸ್ಪತ್ರೆಗಳಿಗೆಲ್ಲ ಒಂದು ನಮೂನೆ ಹೋಯಿತು. ರೋಗಿಗೆ ಯಾವ ಕಾಯಿಲೆ, ಎಷ್ಟು ಕಾಲದಿಂದ, ಏನಾದರೂ ಕೆಲಸ ಮಾಡುತ್ತಾನೆಯೇ, ನೋಡಲು ಯಾರಾದರೂ ಬರುತ್ತಾರೆಯೇ ಎಂದು ಅದು ಕೇಳುತ್ತಿತ್ತು. ತುಂಬಿ ಕಳಿಸಿದ ನಮೂನೆಗಳು ಮೂವರು ತಜ್ಞರ ಕೈಗೆ ಹೋಗುತ್ತಿದ್ದವು. ಅವರು ರೋಗಿಯನ್ನು ನೋಡುತ್ತಿರಲಿಲ್ಲ. ಕೆಂಪು ಕೂಡು ಚಿಹ್ನೆ ಹಾಕಿದರೆ ಸಾವು, ನೀಲಿ ಗೀಟು ಎಳೆದರೆ ಬದುಕು. 1940ರ ಜನವರಿಯಿಂದ 1941ರ ಆಗಸ್ಟ್‌ವರೆಗೆ ಆರು ಕಡೆ ಕಟ್ಟಿದ ಅನಿಲಕೋಣೆಗಳಲ್ಲಿ 70,273 ಮಂದಿಯನ್ನು ಕೊಂದರೆಂದು ಅವರದೇ ಲೆಕ್ಕದ ಕಾಗದ ಹೇಳುತ್ತದೆ. ಆಮೇಲೂ ಆಸ್ಪತ್ರೆಗಳಲ್ಲಿ ಉಪವಾಸ ಕೆಡವಿ, ಔಷಧ ಹೆಚ್ಚು ಕೊಟ್ಟು ಕೊಲ್ಲುವುದು ನಡೆದೇ ಇತ್ತು.

ಸತ್ತವರಲ್ಲಿ ಒಬ್ಬನ ಹೆಸರು ಫ್ರಾಂಟ್ಸ್ ಕಾರ್ಲ್ ಬ್ಯೂಲರ್. ಕಬ್ಬಿಣದ ಕಲಾತ್ಮಕ ಕೆಲಸದಲ್ಲಿ ಎತ್ತಿದ ಕೈ. 1893ರ ಷಿಕಾಗೊ ವಿಶ್ವಮೇಳದಲ್ಲಿ ಅವನ ಕೆಲಸಕ್ಕೆ ಬಹುಮಾನ ಬಂದಿತ್ತು. ಆಮೇಲೆ ಕಾಯಿಲೆ ಹಿಡಿಯಿತು, ಜೀವನದ ಉಳಿದ ಭಾಗ ಆಸ್ಪತ್ರೆಗಳಲ್ಲೇ ಕಳೆಯಿತು. ಅಲ್ಲಿ ಅವನು ಚಿತ್ರ ಬರೆಯುತ್ತಿದ್ದ. ಹೈಡೆಲ್‌ಬರ್ಗ್ ಚಿಕಿತ್ಸಾಲಯದ ಹಾನ್ಸ್ ಪ್ರಿಂಟ್ಸ್‌ಹೋರ್ನ್ ಎಂಬ ವೈದ್ಯ ಮೊದಲ ಮಹಾಯುದ್ಧದ ನಂತರ ಹಲವಾರು ಆಸ್ಪತ್ರೆಗಳಿಂದ ರೋಗಿಗಳ ಕಲಾಕೃತಿಗಳನ್ನು ತರಿಸಿ ಕೂಡಿಸಿದ. 1922ರಲ್ಲಿ ಅವುಗಳ ಮೇಲೆ ಪುಸ್ತಕ ಬರೆದ. ಅದರಲ್ಲಿ ಬ್ಯೂಲರ್‌ಗೆ ಬೇರೆ ಹೆಸರಿನಲ್ಲಿ ದೊಡ್ಡ ಜಾಗವಿದೆ. ಆಲ್ಫ್ರೆಡ್ ಕೂಬಿನ್‌ನಂಥ ಚಿತ್ರಕಾರ ಅವನ ಚಿತ್ರಗಳನ್ನು ಕಂಡು ಬೆರಗಾಗಿದ್ದ. 1940ರ ಮಾರ್ಚ್‌ನಲ್ಲಿ ಬ್ಯೂಲರ್‌ನನ್ನು ಆ ಆರು ಕಡೆಗಳಲ್ಲಿ ಒಂದಾದ ಗ್ರಾಫೆನೆಕ್‌ಗೆ ಸಾಗಿಸಿ ಕೊಂದರು. ಅವನ ಕೆಲಸ ಯಾವ ಚಿಕಿತ್ಸಾಲಯದ ಸಂಗ್ರಹದಲ್ಲಿ ಜೋಪಾನವಾಗಿತ್ತೋ ಅದೇ ಚಿಕಿತ್ಸಾಲಯದ ನಿರ್ದೇಶಕ ಆಗ ಆ ಯೋಜನೆಯ ತಜ್ಞ. ನಮೂನೆಯಲ್ಲಿ ಕಾಯಿಲೆಯ ಹೆಸರಿಗೆ ಜಾಗವಿತ್ತು. ಷಿಕಾಗೊದ ಬಹುಮಾನವನ್ನು ಬರೆಯಲು ಅಂಕಣವಿರಲಿಲ್ಲ.

ಯುದ್ಧ ಮುಗಿದ ಮೇಲೆ ಸೆರೆಮನೆಯಲ್ಲಿದ್ದ ಕಾರ್ಲ್ ಷ್ನೈಡರ್ 1946ರಲ್ಲಿ ನೇಣು ಹಾಕಿಕೊಂಡ. ಹೈಡೆಲ್‌ಬರ್ಗಿನ ಅವನ ಜಾಗಕ್ಕೆ ಕುರ್ಟ್ ಷ್ನೈಡರ್ ಬಂದ. ಮೊದಲ ದರ್ಜೆಯ ಲಕ್ಷಣಗಳು ಅಲ್ಲಿಂದ ಬ್ರಿಟನ್ನಿಗೆ, ಬ್ರಿಟನ್ನಿನ ಪಠ್ಯಪುಸ್ತಕಗಳಿಂದ ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಬಂದವು. ಹೈಡೆಲ್‌ಬರ್ಗಿನಿಂದ ನಮ್ಮೂರಿಗೆ ಇನ್ನೂ ನೇರವಾದ ನಂಟೊಂದಿದೆ. ಅಂದು ಓಡಿಹೋಗಬೇಕಾಗಿ ಬಂದ ಮಾಯರ್-ಗ್ರಾಸ್ 1950ರ ದಶಕದ ಮೊದಲ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರನಾಗಿ ಬೆಂಗಳೂರಿಗೆ ಬಂದ. ಹಳೆಯ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿ ಅವರ ಮುಂದಾಳ್ತನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ರೂಪುಗೊಳ್ಳುತ್ತಿದ್ದ ಕಾಲ ಅದು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು.

ಇಷ್ಟೊತ್ತಿಗೆ ಒಂದೊಂದು ದೇಶದಲ್ಲಿ ಸ್ಕಿಜೋಫ್ರೇನಿಯಾ ಎಂದರೆ ಒಂದೊಂದು ಅರ್ಥ. ಅಮೆರಿಕದವರು ಬ್ಲಾಯ್ಲರ್‌ನ ಮೂಲ ಲಕ್ಷಣಗಳನ್ನು ಎಳೆದು ಹಿಗ್ಗಿಸಿದ್ದರು. ಬ್ರಿಟನ್ನಿನವರು ಬಿಗಿಯಾಗಿ ಹಿಡಿದಿದ್ದರು. ರಾಬರ್ಟ್ ಕೆಂಡೆಲ್ ಮತ್ತು ಸಂಗಡಿಗರು ರೋಗಿಗಳ ಸಂದರ್ಶನದ ವಿಡಿಯೊಗಳನ್ನು ಎರಡೂ ದೇಶಗಳ ಮನೋವೈದ್ಯರಿಗೆ ತೋರಿಸಿ 1971ರಲ್ಲಿ ಫಲಿತಾಂಶ ಪ್ರಕಟಿಸಿದರು. ಬ್ರೂಕ್ಲಿನ್‌ನ ಒಬ್ಬ ಯುವಕನನ್ನು ನೋಡಿ ಅಮೆರಿಕದ ವೈದ್ಯರಲ್ಲಿ ಶೇ. 69 ಮಂದಿ ಸ್ಕಿಜೋಫ್ರೇನಿಯಾ ಎಂದರು. ಬ್ರಿಟನ್ನಿನವರಲ್ಲಿ ಹಾಗೆಂದವರು ಶೇ. 2. ಆ ಯುವಕ ವಿಮಾನ ಹತ್ತಿ ಲಂಡನ್ನಿನಲ್ಲಿ ಇಳಿದಿದ್ದರೆ ಕಾಯಿಲೆಯ ಹೆಸರೇ ಬೇರೆಯಾಗುತ್ತಿತ್ತು.

ಮಾಸ್ಕೊದಲ್ಲಿ ಆದದ್ದು ಇದಕ್ಕಿಂತ ಗಂಭೀರ. ಆಂದ್ರೇಯ್ ಸ್ನೆಝ್ನೆವ್‌ಸ್ಕಿಯ ಪಂಥದವರು ಕಾಯಿಲೆಯನ್ನು ಅದರ ಗತಿಯ ಮೇಲೆ ವಿಂಗಡಿಸುತ್ತಿದ್ದರು. ಅದರಲ್ಲಿ ಮಂದಗತಿಯ ಸ್ಕಿಜೋಫ್ರೇನಿಯಾ ಎಂದೊಂದು ಬಗೆ. ದನಿ ಕೇಳಬೇಕಿಲ್ಲ, ಭ್ರಮೆ ಇರಬೇಕಿಲ್ಲ. ಸಮಾಜವನ್ನು ಸುಧಾರಿಸುತ್ತೇನೆಂಬ ಹಟವೂ ಲಕ್ಷಣವಾಗಬಹುದು. ಕವಿ ನತಾಲ್ಯಾ ಗೊರ್ಬಾನೆವ್‌ಸ್ಕಯಾ ಚೆಕೊಸ್ಲೊವಾಕಿಯಾದ ಮೇಲಿನ ದಾಳಿಯನ್ನು ವಿರೋಧಿಸಿ 1968ರ ಆಗಸ್ಟ್ 25ರಂದು ಕೆಂಪು ಚೌಕದಲ್ಲಿ ಕೂತ ಕೆಲವೇ ಮಂದಿಯಲ್ಲಿ ಒಬ್ಬಳು. ಜೊತೆಗೆ ಅವಳ ಹಸುಗೂಸು. ಮರುವರ್ಷ ಅವಳನ್ನು ಬಂಧಿಸಿದರು. ಮಂದಗತಿಯ ಸ್ಕಿಜೋಫ್ರೇನಿಯಾ ಎಂದು ಬರೆದು ಕಜಾನ್‌ನ ವಿಶೇಷ ಮನೋರೋಗ ಆಸ್ಪತ್ರೆಗೆ ತಳ್ಳಿದರು. 1977ರಲ್ಲಿ ಹೊನೊಲುಲುವಿನಲ್ಲಿ ಸೇರಿದ ವಿಶ್ವ ಮನೋವೈದ್ಯ ಸಂಘ ಈ ದುರುಪಯೋಗವನ್ನು ಖಂಡಿಸಿತು. ಹೊರಹಾಕುತ್ತಾರೆಂಬ ಸೂಚನೆ ಕಂಡು ಸೋವಿಯತ್ ಮನೋವೈದ್ಯರ ಸಂಘ 1983ರಲ್ಲಿ ತಾನಾಗಿಯೇ ಅದರಿಂದ ಹೊರಬಂತು.

ಈ ಗೊಂದಲದ ನಡುವೆಯೇ ವಿಶ್ವ ಆರೋಗ್ಯ ಸಂಸ್ಥೆ ಒಂದು ಸಾಹಸಕ್ಕೆ ಕೈಹಾಕಿತ್ತು. 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳ ಒಂಬತ್ತು ಕೇಂದ್ರಗಳಲ್ಲಿ 1,202 ರೋಗಿಗಳನ್ನು ಒಂದೇ ಪ್ರಶ್ನಾವಳಿಯಿಂದ ಪರೀಕ್ಷಿಸುವ ಕೆಲಸ. ಆರ್ಹುಸ್, ಲಂಡನ್, ಮಾಸ್ಕೊ, ಪ್ರಾಗ್, ವಾಷಿಂಗ್ಟನ್, ಕೊಲಂಬಿಯಾದ ಕಾಲಿ, ನೈಜೀರಿಯಾದ ಇಬಾದಾನ್, ತೈಪೆ, ಮತ್ತೆ ನಮ್ಮ ಆಗ್ರಾ. ಆಗ್ರಾದಲ್ಲಿ ಡಾ. ಕೆ.ಸಿ. ದುಬೆ ಅವರು ಹೊಣೆ ಹೊತ್ತಿದ್ದರು. ಮಾಸ್ಕೊ ಮತ್ತು ವಾಷಿಂಗ್ಟನ್ ಮಾತ್ರ ಹೆಚ್ಚು ಜನರನ್ನು ಸ್ಕಿಜೋಫ್ರೇನಿಯಾದೊಳಗೆ ಸೇರಿಸಿದವು. ಉಳಿದ ಕಡೆ ವೈದ್ಯರ ಮಾತು ಹೆಚ್ಚುಕಡಿಮೆ ಹೊಂದಿತು. ಎಲ್ಲ ಕಡೆಯೂ ಒಂದೇ ಬಗೆಯ ಲಕ್ಷಣಗಳು ಕಂಡವು. ಎರಡು ವರ್ಷದ ಮೇಲೆ ಅದೇ ರೋಗಿಗಳನ್ನು ಹುಡುಕಿ ನೋಡಿದಾಗ ಇಬಾದಾನ್, ಆಗ್ರಾಗಳವರು ಶ್ರೀಮಂತ ದೇಶಗಳವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಕೂಡುಕುಟುಂಬದ ಆಸರೆಯೇ ಕಾರಣ ಎಂದು ನಾವು ಬೀಗುವುದುಂಟು. ಆ ತೀರ್ಮಾನವನ್ನು ಆಮೇಲಿನ ಸಂಶೋಧಕರು ಪ್ರಶ್ನಿಸಿದ್ದಾರೆ. ಚಿಕಿತ್ಸೆಯಿಲ್ಲದೆ ಕಟ್ಟಿಹಾಕಿಸಿಕೊಂಡು ಬದುಕಿದವರನ್ನು ಕಂಡ ನಮ್ಮ ಹಳ್ಳಿಗಳೂ ಬೀಗಲು ಅಷ್ಟು ಅವಕಾಶ ಕೊಡುವುದಿಲ್ಲ.

ಪ್ರಶ್ನೆಗಳನ್ನು ಇನ್ನೊಂದು ಸೀಮೆಗೆ ಒಯ್ಯುವಾಗ ಎಷ್ಟು ಜಾಗ್ರತೆ ಬೇಕು ಎಂಬುದಕ್ಕೆ ನಮ್ಮ ಕರಾವಳಿಯ ಕೋಟವೇ ಸಾಕ್ಷಿ. ಮುಂದೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಆರ್.ಎಲ್. ಕಪೂರ್ ಮತ್ತು ಬ್ರಿಟನ್ನಿನ ಮೋರಿಸ್ ಕಾರ್‌ಸ್ಟೇರ್ಸ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗೇರ ಮನೆಗಳಲ್ಲಿ ಸಮೀಕ್ಷೆ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು, ಇವರಲ್ಲಿ ಜನ ಯಾವುದಕ್ಕೆ ಯಾರ ಬಳಿ ಹೋಗುತ್ತಾರೆಂದೂ ಕಪೂರ್ ಅಧ್ಯಯನ ಮಾಡಿದರು. ಪಾತ್ರಿಯ ಮೈಮೇಲೆ ದೈವ ಬರುತ್ತದೆ, ಅವನ ಬಾಯಿಂದ ಬೇರೊಬ್ಬರ ಮಾತು ಬರುತ್ತದೆ. ಷ್ನೈಡರ್‌ನ ಪಟ್ಟಿಯನ್ನು ಕಣ್ಣುಮುಚ್ಚಿ ಹಿಡಿದರೆ ಅವನು ರೋಗಿ. ಆದರೆ ಅದು ಬರುವ ಹೊತ್ತು ಗೊತ್ತಿದೆ, ಹೋಗುವ ಹೊತ್ತು ಗೊತ್ತಿದೆ, ಊರಿಗೆ ಅದರ ಅರ್ಥ ಗೊತ್ತಿದೆ. ಮರುದಿನ ಅವನು ಎಂದಿನಂತೆ ತನ್ನ ಕೆಲಸಕ್ಕೆ ಹೋಗುತ್ತಾನೆ. ಒಂದು ಸಮುದಾಯ ಒಪ್ಪಿಕೊಂಡಿರುವ ಅನುಭವವನ್ನು ಲಕ್ಷಣವೆಂದು ಎಣಿಸಬಾರದು ಎಂದು ಇಂದಿನ ಅಂತರರಾಷ್ಟ್ರೀಯ ಕೈಪಿಡಿಗಳೂ ಎಚ್ಚರಿಸುತ್ತವೆ.

ಅಮೆರಿಕದ ಮನೋವೈದ್ಯ ಸಂಘ 1980ರಲ್ಲಿ ರಾಬರ್ಟ್ ಸ್ಪಿಟ್ಜರ್‌ನ ನೇತೃತ್ವದಲ್ಲಿ ಹೊಸ ಕೈಪಿಡಿ ತಂದು, ಇಷ್ಟು ಲಕ್ಷಣ, ಕನಿಷ್ಠ ಆರು ತಿಂಗಳು ಎಂದು ಕಟ್ಟುನಿಟ್ಟು ಮಾಡಿತು. ಅದೇ ವರ್ಷ ಲಂಡನ್ನಿನಲ್ಲಿ ಟಿಮೊತಿ ಕ್ರೋ ಇನ್ನೂ ಮುಖ್ಯವಾದ ಒಂದು ಮಾತೆತ್ತಿದ. ಅದರ ಹಿನ್ನೆಲೆ 1952ರ ಪ್ಯಾರಿಸ್. ಅಲ್ಲಿ ಡಿಲೇ ಮತ್ತು ಡೆನಿಕರ್ ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ಗುಣ ಕಂಡಿದ್ದರು. ಮಾತ್ರೆಗೆ ದನಿಗಳು ಇಳಿದವು, ಸಂಶಯ ಇಳಿಯಿತು. ಮನುಷ್ಯ ಮಾತ್ರ ಮೂಲೆ ಬಿಟ್ಟು ಏಳಲಿಲ್ಲ. 1976ರಲ್ಲಿ ಈವ್ ಜಾನ್‌ಸ್ಟನ್, ಕ್ರೋ ಮತ್ತು ಸಂಗಡಿಗರು ದೀರ್ಘಕಾಲ ಆಸ್ಪತ್ರೆಯಲ್ಲಿದ್ದ ರೋಗಿಗಳ ಮಿದುಳಿನ ಸಿ.ಟಿ. ಸ್ಕ್ಯಾನ್ ಮಾಡಿ, ಒಳಗಿನ ದ್ರವಕೋಶಗಳು ಹಿಗ್ಗಿರುವುದನ್ನು ತೋರಿಸಿದ್ದರು. ಇವೆರಡನ್ನೂ ಜೋಡಿಸಿ ಕ್ರೋ ಎರಡು ಬಗೆ ಎಂದ: ಔಷಧಕ್ಕೆ ಬಗ್ಗುವ ಪಾಸಿಟಿವ್ ಲಕ್ಷಣಗಳದು ಒಂದು, ಬಗ್ಗದ ನೆಗೆಟಿವ್ ಲಕ್ಷಣಗಳದು ಇನ್ನೊಂದು. ಅಷ್ಟು ಸಲೀಸಾದ ವಿಭಾಗ ಮುಂದೆ ನಿಲ್ಲಲಿಲ್ಲ. ಎರಡೂ ಒಬ್ಬರಲ್ಲೇ ಇರುತ್ತವೆ, ಪ್ರಮಾಣ ಬೇರೆ. 1987ರಲ್ಲಿ ಪೀಟರ್ ಲಿಡಲ್ ಲಕ್ಷಣಗಳು ಎರಡಲ್ಲ, ಮೂರು ಗುಂಪಾಗಿ ಕೂಡುತ್ತವೆ ಎಂದು ತೋರಿಸಿದ. ಮಾತು, ನಡತೆ ಅಸ್ತವ್ಯಸ್ತವಾಗುವುದು ಮೂರನೆಯದು.

ಆದರೂ ಆ ಎರಡು ಶಬ್ದಗಳು ಉಳಿದವು, ಉಳಿಯಬೇಕಾದ್ದೇ. ಪಾಸಿಟಿವ್ ಎಂದರೆ ಒಳ್ಳೆಯದು ಎಂದಲ್ಲ. ಇರಬಾರದ್ದು ಬಂದು ಸೇರಿದೆ ಎಂದು. ನೆಗೆಟಿವ್ ಎಂದರೆ ಇರಬೇಕಾದ್ದು ಇಲ್ಲವಾಗಿದೆ ಎಂದು. ಮುಖದಲ್ಲಿ ಭಾವ ಇಲ್ಲ. ಕೇಳಿದ್ದಕ್ಕೆ ಒಂದೇ ಪದದ ಉತ್ತರ. ಸ್ನಾನಕ್ಕೆ ಏಳುವುದಿಲ್ಲ, ಹೇಳಿದರೆ ಹೂಂ ಎನ್ನುತ್ತಾನೆ, ಅಲ್ಲೇ ಕೂತಿರುತ್ತಾನೆ. ಹಿಂದೆ ಪ್ರಾಣವಾಗಿದ್ದ ಕ್ರಿಕೆಟ್ಟಿನಲ್ಲಿ ಈಗ ಆಸಕ್ತಿಯಿಲ್ಲ, ಗೆಳೆಯರು ಬಂದರೆ ಒಳಗೆ ಹೋಗುತ್ತಾನೆ. ಮಗ ಕೂಗಾಡಿದರೆ ಕಾಯಿಲೆ ಎಂದು ಓಡಿಬರುವ ಮನೆಯವರೇ, ಅವನು ಹೀಗೆ ಕೂತರೆ ಸೋಮಾರಿ ಎನ್ನುತ್ತಾರೆ, ಉಂಡಾಡಿ ಎನ್ನುತ್ತಾರೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಓದು, ನೌಕರಿ, ಸಂಸಾರ ಕೈಬಿಡುವುದು ಹೆಚ್ಚಾಗಿ ಈ ಸದ್ದಿಲ್ಲದ ಲಕ್ಷಣಗಳಿಂದಲೇ. ಜೊತೆಗೆ ಗಮನ, ನೆನಪು, ಯೋಜಿಸುವ ಶಕ್ತಿ ಕುಂದುವುದರಿಂದ. ಬ್ಲಾಯ್ಲರ್ ರೈನಾವ್‌ನಲ್ಲಿ ಮೂಲ ಎಂದು ಗುರುತಿಸಿದ್ದು ಬಹುಮಟ್ಟಿಗೆ ಇಂಥವನ್ನೇ. ಈ ಒಂದು ತಿಳಿವಳಿಕೆ ಮನೆಮನೆಗೆ ತಲುಪಿದರೂ ಎಷ್ಟೋ ಮಕ್ಕಳಿಗೆ ಬೈಗುಳ ತಪ್ಪೀತು.

ಹಳೆಯ ಬಗೆಗಳ ಕಥೆ ಬೇಗ ಮುಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೇ ಪರಿಷ್ಕರಣೆಯಾದ ಐಸಿಡಿ-10ರಲ್ಲಿ ಪ್ಯಾರನಾಯ್ಡ್, ಹೆಬೆಫ್ರೆನಿಕ್, ಕ್ಯಾಟಟೋನಿಕ್, ಸರಳ ಮುಂತಾದ ಬಗೆಗಳು ಇನ್ನೂ ಸಾಲಾಗಿ ಇದ್ದವು. ಒಬ್ಬನೇ ರೋಗಿ ಕೆಲವು ವರ್ಷಗಳಲ್ಲಿ ಒಂದು ಬಗೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದ; ಯಾವ ಬಗೆ ಎಂದು ತಿಳಿದರೂ ಔಷಧದ ಆಯ್ಕೆ ಬದಲಾಗುತ್ತಿರಲಿಲ್ಲ. 2013ರಲ್ಲಿ ಅಮೆರಿಕದ ಕೈಪಿಡಿಯ ಐದನೇ ಆವೃತ್ತಿಯಾದ ಡಿಎಸ್‌ಎಂ-5 ಬಗೆಗಳನ್ನು ಕೈಬಿಟ್ಟಿತು. ಷ್ನೈಡರ್‌ನ ಲಕ್ಷಣಗಳಿಗಿದ್ದ ವಿಶೇಷ ಮಾನ್ಯತೆಯನ್ನೂ ತೆಗೆಯಿತು. 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11 ಕೂಡ ಅದೇ ಹಾದಿ ಹಿಡಿಯಿತು. ಈಗ ವೈದ್ಯರು ಕಾಯಿಲೆಯ ಹೆಸರಿನ ಮುಂದೆ ಆರು ವಿಷಯಗಳನ್ನು ಗುರುತಿಸಬಹುದು: ಪಾಸಿಟಿವ್, ನೆಗೆಟಿವ್, ಖಿನ್ನತೆಯ, ಉನ್ಮಾದದ, ಮೈಚಲನೆಯ ಮತ್ತು ಅರಿವಿನ ಲಕ್ಷಣಗಳು ಒಂದೊಂದೂ ಎಷ್ಟೆಷ್ಟಿವೆ ಎಂದು. ಮೊದಲ ಸಲದ್ದೇ, ಮರುಕಳಿಸಿದ್ದೇ, ಬಿಡದೆ ಇರುವುದೇ ಎಂದೂ ಬರೆಯುತ್ತಾರೆ. ಈಗ ಲಕ್ಷಣಗಳಿಲ್ಲ, ಚೇತರಿಸಿಕೊಂಡಿದ್ದಾರೆ ಎಂದು ಬರೆಯಲೂ ಜಾಗವಿದೆ.

ಹೆಸರಿಟ್ಟ ಮೇಲೆ ಏನು ಮಾಡುತ್ತೇವೆ ಎಂಬುದಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಉದಾಹರಣೆ ಇದೆ. ನಿಮ್ಹಾನ್ಸ್‌ನ ವೈದ್ಯರು ಅಲ್ಲಿನ ಹಳ್ಳಿಗಳಲ್ಲಿ ಈ ಕಾಯಿಲೆಯವರನ್ನು ಹುಡುಕಿ, ಊರಿನಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಳ ಕಾಲ ಬೆನ್ನು ಬಿಡದೆ ನೋಡಿದ್ದಾರೆ. ಔಷಧ ಪಡೆದವರಲ್ಲಿ ನಿತ್ಯದ ಬದುಕಿನ ಅಸಾಮರ್ಥ್ಯ ತಗ್ಗಿತು. ಪಡೆಯದೆ ಉಳಿದವರಲ್ಲಿ ತಗ್ಗಲಿಲ್ಲ. ಬೇಕಿದ್ದದ್ದು ಹಳೆಯ, ಅಗ್ಗದ ಮಾತ್ರೆಗಳು ಮತ್ತು ಮತ್ತೆ ಮತ್ತೆ ವಿಚಾರಿಸುವ ಜನ.

ಭಾರತದಲ್ಲಿ ವರ್ಗೀಕರಣ ಈಗ ವೈದ್ಯರ ಪುಸ್ತಕದ ಮಾತಷ್ಟೇ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಮೂರನೇ ಸೆಕ್ಷನ್ನು, ಮಾನಸಿಕ ಅಸ್ವಸ್ಥತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ವರ್ಗೀಕರಣವೂ ಸೇರಿದಂತೆ ಮಾನ್ಯ ವೈದ್ಯಕೀಯ ಮಾನದಂಡಗಳ ಪ್ರಕಾರ ನಿರ್ಧರಿಸಬೇಕು ಎನ್ನುತ್ತದೆ. ಅದರ ಮುಂದಿನ ಸಾಲುಗಳನ್ನು ಓದುವಾಗ ಗ್ರಾಫೆನೆಕ್, ಕಜಾನ್ ಎರಡೂ ಕಣ್ಣಮುಂದೆ ಬರುತ್ತವೆ. ರಾಜಕೀಯ, ಆರ್ಥಿಕ, ಸಾಮಾಜಿಕ ಸ್ಥಾನಮಾನ ನೋಡಿ, ಜನಾಂಗ ಅಥವಾ ಧರ್ಮ ನೋಡಿ ಒಬ್ಬರನ್ನು ಅಸ್ವಸ್ಥರೆಂದು ನಿರ್ಧರಿಸುವಂತಿಲ್ಲ. ಸಮುದಾಯದ ನೀತಿ, ನಂಬಿಕೆ, ರಾಜಕೀಯ ಮೌಲ್ಯಗಳಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೂ ಆಗದು. ಹಿಂದೊಮ್ಮೆ ಚಿಕಿತ್ಸೆ ಪಡೆದಿದ್ದರು, ಆಸ್ಪತ್ರೆಯಲ್ಲಿದ್ದರು ಎಂಬುದೊಂದನ್ನೇ ಹಿಡಿದು ಇಂದೂ ಅವರು ಅಸ್ವಸ್ಥರು ಎನ್ನುವಂತಿಲ್ಲ.